ಸ್ಪಾದ ಆರು ಗಂಟೆ ರೇಸ್ ನೋಡುವ ಬಗೆ

ಆರು ಗಂಟೆಯ ಕಾರ್ ರೇಸನ್ನು ಮೊದಲ ಸಲ ನೋಡಲು ಕೂತವರು ಸಾಮಾನ್ಯವಾಗಿ ಎರಡನೇ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ನಾನೂ ಹೋಗಿದ್ದೆ. ಮೊದಲ ಸ್ಥಾನ ಮೂರು ಸಲ ಬದಲಾಗಿತ್ತು, ಆದರೆ ಒಬ್ಬರು ಇನ್ನೊಬ್ಬರನ್ನು ಹಿಂದಿಕ್ಕಿದ್ದು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲ ಬದಲಾವಣೆಯೂ ಪಿಟ್‌ನಲ್ಲಿ, ಅಂದರೆ ಇಂಧನ, ಟೈರ್‌ಗೆಂದು ಕಾರು ನಿಲ್ಲುವ ಜಾಗದಲ್ಲಿ, ಆಗಿತ್ತು. ತೆರೆಯ ಬದಿಯ ಪಟ್ಟಿಯಲ್ಲಿ ಮೊದಲು ಕಾಣುವ ಹೆಸರು ಹೆಚ್ಚಿನ ಹೊತ್ತು ಸುಳ್ಳು ಹೇಳುತ್ತಿರುತ್ತದೆ ಎನ್ನುವುದು ಆಗ ಗೊತ್ತಿರಲಿಲ್ಲ. ಆ ಸುಳ್ಳನ್ನು ಹಿಡಿಯುವುದನ್ನು ಕಲಿತರೆ ಆರು ಗಂಟೆ ಉದ್ದ ಎನಿಸುವುದಿಲ್ಲ.

ದೀರ್ಘ ಹೊತ್ತಿನ ರೇಸ್‌ಗಳ ಸರಣಿಯಾದ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್ 2012ರಲ್ಲಿ ಶುರುವಾದಂದಿನಿಂದ ಬೆಲ್ಜಿಯಂನ ಸ್ಪಾ-ಫ್ರಾಂಕೋರ್ಶಾಂ ಅದರ ಭಾಗವಾಗಿದೆ. ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಲೆ ಮಾನ್ಸ್‌ನ 24 ಗಂಟೆ ರೇಸ್‌ಗೆ ಕೆಲವೇ ವಾರ ಮುಂಚೆ ಬರುವ ಸುತ್ತು ಇದು. ಕಲಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. 24 ಗಂಟೆ ಒಮ್ಮೆಲೇ ಅರಗುವುದಿಲ್ಲ, ಆರು ಗಂಟೆಯಾದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

1. ವಾರ ಮುಂಚೆ: ಯಾರ ಎದುರಾಳಿ ಯಾರು

ಟ್ರ್ಯಾಕ್ ಮೇಲೆ ಒಂದೇ ಹೊತ್ತಿಗೆ ಎರಡು ರೇಸ್ ನಡೆಯುತ್ತಿರುತ್ತವೆ. ಹೈಪರ್‌ಕಾರ್ ಒಂದು ವರ್ಗ, ಎಲ್‌ಎಂಜಿಟಿ3 (ಚಿಕ್ಕದಾಗಿ ಜಿಟಿ3 ಅಥವಾ ಜಿಟಿ) ಇನ್ನೊಂದು. 2025ರಲ್ಲಿ ಇಡೀ ಋತುವಿಗೆ ಹೆಸರು ಕೊಟ್ಟವು ತಲಾ 18, ಒಟ್ಟು 36 ಕಾರು. ಹೈಪರ್‌ಕಾರ್ ಎಂದರೆ ರೇಸ್‌ಗೆಂದೇ ಹುಟ್ಟಿದ ಯಂತ್ರ: ಫೆರಾರಿ 499ಪಿ, ಟೊಯೋಟಾ, ಕ್ಯಾಡಿಲಾಕ್, ಬಿಎಂಡಬ್ಲ್ಯು, ಪೂಜೋ, ಆಲ್ಪೀನ್, ಆಸ್ಟನ್ ಮಾರ್ಟಿನ್ ವಾಲ್ಕಿರಿ. ಪೋರ್ಷೆ 2025ರ ಋತು ಮುಗಿಸಿ ಈ ವರ್ಗದಿಂದ ಹೊರನಡೆಯಿತು. ಹಾಗಾಗಿ ಹಳೆಯ ಪಟ್ಟಿ ನೆಚ್ಚಿಕೊಳ್ಳದೆ ಆ ವರ್ಷದ ಪ್ರವೇಶ ಪಟ್ಟಿಯನ್ನೇ ತೆಗೆದಿಟ್ಟುಕೊಳ್ಳಿ. ಜಿಟಿ3 ಕಾರುಗಳು ಶೋರೂಮ್‌ನಲ್ಲಿ ಸಿಗುವ ಮಾದರಿಗಳಿಂದ ಬಂದವು: ಪೋರ್ಷೆ 911, ಫೆರಾರಿ 296, ಕಾರ್ವೆಟ್, ಮಸ್ಟಾಂಗ್, ಮೆಕ್ಲಾರೆನ್ ಇತ್ಯಾದಿ.

ದೂರದಿಂದ ಗುರುತಿಸಲು ನಂಬರ್ ಫಲಕದ ಬಣ್ಣ ನೋಡಿ. ಹೈಪರ್‌ಕಾರ್‌ಗೆ ಕೆಂಪು, ಜಿಟಿ3ಗೆ ಬೇರೆ ಬಣ್ಣ. ಸ್ವಲ್ಪ ಹೊತ್ತಾದ ಮೇಲೆ ಅದೂ ಬೇಕಾಗುವುದಿಲ್ಲ, ಕಿವಿಯೇ ಹೇಳುತ್ತದೆ. ವಾಲ್ಕಿರಿಯದು ಹೈಬ್ರಿಡ್ ಇಲ್ಲದ 6.5 ಲೀಟರ್ ವಿ12. ಅದರ ಕೂಗು ಕಾಡಿನ ಆಚೆಯಿಂದಲೇ ಬರುತ್ತದೆ. ಕ್ಯಾಡಿಲಾಕ್‌ನ ವಿ8 ಎದೆಗೆ ಗುದ್ದುವ ತರಹದ್ದು.

ಬೇರೆ ಬೇರೆ ಕಂಪನಿಯ, ಬೇರೆ ಬೇರೆ ರಚನೆಯ ಕಾರುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುವುದು ಕಾಕತಾಳೀಯವಲ್ಲ. ಕಾರಿನ ತೂಕ, ಶಕ್ತಿ, ಒಂದು ಓಟದಲ್ಲಿ ಬಳಸಬಹುದಾದ ಒಟ್ಟು ಎನರ್ಜಿ, ಇವನ್ನೆಲ್ಲ ಸಂಘಟಕರು ಏರಿಳಿಸಿ ಸಮ ಮಾಡುತ್ತಾರೆ. ಇದಕ್ಕೆ ಬಿಒಪಿ ಎನ್ನುತ್ತಾರೆ. ಸೋತವರೆಲ್ಲ ಬಿಒಪಿಯನ್ನು ಬೈಯುತ್ತಾರೆ, ಗೆದ್ದವರು ಅದರ ಮಾತೇ ಎತ್ತುವುದಿಲ್ಲ. ಲೆ ಮಾನ್ಸ್ ಹತ್ತಿರ ಇರುವುದರಿಂದ ಸ್ಪಾದಲ್ಲಿ ಯಾರೋ ಬೇಕೆಂದೇ ನಿಧಾನ ಓಡಿಸುತ್ತಿದ್ದಾರೆ ಎಂಬ ಗುಮಾನಿ ಪ್ರತಿ ವರ್ಷ ಏಳುತ್ತದೆ. ಮೊದಲ ಸಲ ನೋಡುವವರು ಈ ಜಗಳಕ್ಕೆ ಇಳಿಯಬೇಡಿ, ರೇಸ್ ನೋಡುವುದೇ ತಪ್ಪಿಹೋಗುತ್ತದೆ.

ಮೂವತ್ತಾರು ಕಾರನ್ನೂ ಹಿಂಬಾಲಿಸಲು ಹೋಗಬೇಡಿ. ಹೈಪರ್‌ಕಾರ್‌ನಲ್ಲಿ ನಾಲ್ಕು, ಜಿಟಿ3ನಲ್ಲಿ ಮೂರು ಆರಿಸಿಕೊಳ್ಳಿ. ನಿಮ್ಮ ಏಳರಲ್ಲಿ ಒಂದಾದರೂ ಹಿಂದಿನ ಸಾಲಿನಿಂದ ಹೊರಡುವ ಗಟ್ಟಿ ತಂಡವಾಗಿರಲಿ. 2023ರಲ್ಲಿ ಬ್ರೆಂಡನ್ ಹಾರ್ಟ್ಲಿ, ಯಾರು ಯಾವ ಸಾಲಿನಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಅವಧಿಯಲ್ಲಿ, ತಣ್ಣನೆಯ ಟೈರ್‌ಗಳ ಮೇಲೆ ಟೊಯೋಟಾವನ್ನು ಗೋಡೆಗೆ ಹೊಡೆದರು. ಹಿಂದಿನಿಂದ ಹೊರಟ ಅದೇ 8ನೇ ನಂಬರಿನ ಕಾರು ರೇಸ್ ಮುಗಿದಾಗ ಎರಡನೇ ಸ್ಥಾನದಲ್ಲಿತ್ತು.

2. ನಕ್ಷೆಯನ್ನು ಕೈಯಲ್ಲಿ ಬರೆಯಿರಿ

ಸ್ಪಾದ ನಕ್ಷೆ ಇಂಟರ್ನೆಟ್‌ನಲ್ಲಿ ಎಲ್ಲೆಡೆ ಇದೆ. ಆದರೂ ಒಮ್ಮೆ ಕೈಯಲ್ಲಿ ಬರೆದುಕೊಳ್ಳಿ. ಕಾಮೆಂಟೇಟರ್ ಒಂದು ತಿರುವಿನ ಹೆಸರು ಹೇಳಿದ ಕೂಡಲೇ ಅದು ಎಲ್ಲಿದೆ ಎಂದು ಹೊಳೆಯದಿದ್ದರೆ ಅರ್ಧ ರೇಸ್ ಕೈತಪ್ಪಿದಂತೆ.

ಒಂದು ಲ್ಯಾಪ್, ಅಂದರೆ ಟ್ರ್ಯಾಕ್‌ನ ಒಂದು ಪೂರ್ತಿ ಸುತ್ತು, 7.004 ಕಿ.ಮೀ. ಆರ್ಡೆನ್ಸ್ ಬೆಟ್ಟಗಳ ಕಾಡಿನ ನಡುವೆ, ಸುಮಾರು 100 ಮೀಟರ್ ಏರಿಳಿಯುವ ದಾರಿ. ಹಿಂದೆ ಇದು ಫ್ರಾಂಕೋರ್ಶಾಂ, ಮಾಲ್ಮೆಡಿ, ಸ್ಟಾವ್‌ಲೋ ಊರುಗಳ ನಡುವಿನ ಸಾರ್ವಜನಿಕ ರಸ್ತೆಗಳ ಮೇಲೆ ಓಡುತ್ತಿದ್ದ, ಈಗಿನದಕ್ಕಿಂತ ಎರಡು ಪಟ್ಟು ಉದ್ದದ ಟ್ರ್ಯಾಕ್. 1979ರಲ್ಲಿ ಮೊಟಕುಗೊಳಿಸಿದರು. (ಸ್ಪಾ ಎಂಬ ಊರು ಖನಿಜ ನೀರಿನ ಬುಗ್ಗೆಗಳಿಗೆ ಹೆಸರಾದದ್ದು. ಎಣ್ಣೆ ಮಸಾಜಿನ ಅಂಗಡಿಗಳಿಗೆ ಆ ಹೆಸರು ಬಂದದ್ದೂ ಇಲ್ಲಿಂದಲೇ.)

ಹೊರಟ ಕೂಡಲೇ ಲಾ ಸೋರ್ಸ್, ಬಲಕ್ಕೆ ಪೂರ್ತಿ ಮಡಚಿದ ತಿರುವು. ಅಲ್ಲಿಂದ ಇಳಿಜಾರು. ತಳದಲ್ಲಿ ಓ ರೂಜ್. ಎಲ್ಲರೂ ಓ ರೂಜ್ ಎಂದು ಫೋಟೊ ಹಾಕುವುದು ನಿಜಕ್ಕೂ ರೇಡಿಯೋನ್, ಅಂದರೆ ಬಲಕ್ಕೆ ಬಾಗಿ ಗುಡ್ಡ ಹತ್ತುವ ಭಾಗ. ಓ ರೂಜ್ ಎನ್ನುವುದು ಅದರ ಬುಡದಲ್ಲಿ ಹರಿಯುವ ತೊರೆಯ ಹೆಸರು, ಅದನ್ನು ದಾಟುವ ಪುಟ್ಟ ಎಡ ಬಾಗೂ ಅದೇ. ಏರಿ ಮುಗಿದರೆ ಉದ್ದನೆಯ ಕೆಮ್ಮೆಲ್ ನೇರ, ಅದರ ತುದಿಯಲ್ಲಿ ಲೆ ಕೋಂಬ್. ಬಳಿಕ ಇಳಿಯುತ್ತಾ ಬ್ರುಸೆಲ್, ಎರಡು ಬಾಗಿನ ಎಡ ತಿರುವು ಪೂಓನ್, ಫಾನ್ಯ್, ಸ್ಟಾವ್‌ಲೋ, ಮತ್ತೆ ಏರುತ್ತಾ ಬ್ಲಾಂಶಿಮೋನ್, ಕೊನೆಗೆ ಬಸ್ ಸ್ಟಾಪ್ ಎಂಬ ತಿರುವು.

ಈ ನಕ್ಷೆಯಲ್ಲಿ ಎರಡು ಜಾಗಕ್ಕೆ ಗುರುತು ಹಾಕಿ: ಕೆಮ್ಮೆಲ್ ಮತ್ತು ಪೂಓನ್. ಹೈಪರ್‌ಕಾರ್ ಒಂದು ಲ್ಯಾಪ್ ಮುಗಿಸುವುದು ಎರಡು ನಿಮಿಷದ ಆಸುಪಾಸಿನಲ್ಲಿ. ಜಿಟಿ3ಗೆ ಅದಕ್ಕಿಂತ ಹದಿನೈದು ಸೆಕೆಂಡಿಗೂ ಹೆಚ್ಚು ಬೇಕು. ಹಾಗಾಗಿ ಒಂಬತ್ತು ಹತ್ತು ಲ್ಯಾಪ್‌ಗೊಮ್ಮೆ ಪ್ರತಿ ಹೈಪರ್‌ಕಾರ್ ಜಿಟಿ3ಗಳ ಇಡೀ ಸಾಲನ್ನೇ ದಾಟಬೇಕಾಗುತ್ತದೆ. ಕೆಮ್ಮೆಲ್‌ನಲ್ಲಿ ಸಿಕ್ಕಿದ ಜಿಟಿಯನ್ನು ದಾಟಲು ಖರ್ಚೇ ಇಲ್ಲ. ಪೂಓನ್‌ಗೆ ಇಳಿಯುವಾಗ ಸಿಕ್ಕಿದರೆ ಅದರ ಬೆನ್ನ ಹಿಂದೆಯೇ ತೆವಳಬೇಕು. ಇಬ್ಬರ ಅಂತರ ಏಕಾಏಕಿ ಎರಡು ಸೆಕೆಂಡ್ ಹಿಗ್ಗಿದರೆ ಎಂಜಿನ್ ಕೆಟ್ಟಿತೆಂದು ತಿಳಿಯಬೇಡಿ. ಯಾರೋ ಪೂಓನ್‌ನಲ್ಲಿ ಜಿಟಿಗೆ ಸಿಕ್ಕಿಬಿದ್ದಿದ್ದಾರೆ, ಅಷ್ಟೇ.

3. ಒಂದು ಹಾಳೆ, ಒಂದು ಪೆನ್

ಚಾಂಪಿಯನ್‌ಶಿಪ್‌ನ ಅಧಿಕೃತ ತಾಣದಲ್ಲಿ ಲೈವ್ ಟೈಮಿಂಗ್, ಅಂದರೆ ಪ್ರತಿ ಕಾರಿನ ಸ್ಥಾನ ಮತ್ತು ಲ್ಯಾಪ್ ಸಮಯದ ಪಟ್ಟಿ, ಇರುತ್ತದೆ. ಚಿತ್ರ ಒಂದು ತೆರೆಯಲ್ಲಿ, ಟೈಮಿಂಗ್ ಇನ್ನೊಂದರಲ್ಲಿ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ನಾನು ಟೈಮಿಂಗ್ ಆರಿಸುತ್ತೇನೆ. ಇದನ್ನು ಕೇಳಿ ನಗುವವರು ಒಮ್ಮೆ ಪ್ರಯತ್ನಿಸಿ ನೋಡಲಿ.

ಹಾಳೆಯಲ್ಲಿ ನಿಮ್ಮ ಏಳು ಕಾರಿಗೆ ಏಳು ಸಾಲು. ಪ್ರತಿ ಸಲ ಕಾರು ಪಿಟ್‌ಗೆ ಬಂದಾಗ ಮೂರೇ ಸಂಗತಿ ಬರೆಯಿರಿ: ಗಡಿಯಾರದಲ್ಲಿ ಎಷ್ಟು ಹೊತ್ತು ಉಳಿದಿತ್ತು, ಚಾಲಕ ಬದಲಾದರೇ (ಒಂದು ಕಾರನ್ನು ಎರಡು ಮೂರು ಜನ ಸರದಿಯಲ್ಲಿ ಓಡಿಸುತ್ತಾರೆ), ಟೈರ್ ಬದಲಾಯಿತೇ. ಇದಕ್ಕಿಂತ ಹೆಚ್ಚು ಬರೆಯಲು ಹೋದರೆ ಬೇಸತ್ತು ನಿಲ್ಲಿಸುತ್ತೀರಿ.

4. ಮೊದಲ ಗಂಟೆ: ಒಂದು ನಿಲುಗಡೆಯ ಬೆಲೆ ಅಳೆಯಿರಿ

ಶುರುವಿನ ಗದ್ದಲವನ್ನು ಸುಮ್ಮನೆ ಸವಿಯಿರಿ. ಲಾ ಸೋರ್ಸ್‌ನಲ್ಲಿ ತಳ್ಳಾಟ ಇದ್ದೇ ಇರುತ್ತದೆ. ಅಲ್ಲಿ ಗೆದ್ದ ಸ್ಥಾನಕ್ಕೆ ಬೆಲೆ ಕಡಿಮೆ, ಕಳೆದುಕೊಂಡ ರೆಕ್ಕೆಗೆ ಬೆಲೆ ಜಾಸ್ತಿ.

ಒಮ್ಮೆ ಇಂಧನ ತುಂಬಿಸಿಕೊಂಡು ಮತ್ತೆ ತುಂಬಿಸುವವರೆಗಿನ ಓಟಕ್ಕೆ ಸ್ಟಿಂಟ್ ಎನ್ನುತ್ತಾರೆ. ಅದು ಸುಮಾರು ಒಂದು ಗಂಟೆ. ಅದನ್ನು ನಿರ್ಧರಿಸುವುದು ಟ್ಯಾಂಕಿನ ಗಾತ್ರವಲ್ಲ. ಒಂದು ಸ್ಟಿಂಟ್‌ಗೆ ಇಷ್ಟೇ ಮೆಗಾಜೂಲ್ ಎಂದು ಕಾರಿಗೆ ಲೆಕ್ಕ ಕಟ್ಟಿಕೊಟ್ಟಿರುತ್ತಾರೆ, ಸೆನ್ಸರ್‌ಗಳು ಅದನ್ನು ಅಳೆಯುತ್ತಿರುತ್ತವೆ. ತಿರುವಿಗೆ ಸ್ವಲ್ಪ ಮೊದಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ತೇಲಿಕೊಂಡು ಹೋಗುವ ಚಾಲಕ ಒಂದೆರಡು ಲ್ಯಾಪ್ ಹೆಚ್ಚು ಎಳೆಯಬಲ್ಲ. (ಟ್ಯಾಂಕಿನೊಳಗಿನದು 2022ರಿಂದ ವೈನ್ ತಯಾರಿಕೆಯಲ್ಲಿ ಉಳಿದ ಕಸರಿನಿಂದ ಮಾಡಿದ ಇಂಧನ.)

ಮೊದಲ ನಿಲುಗಡೆ ಬಂದಾಗ ಈ ಲೆಕ್ಕ ಮಾಡಿ. ಪಿಟ್‌ಗೆ ಬಂದ ಲ್ಯಾಪ್ ಮತ್ತು ಹೊರಹೋದ ಲ್ಯಾಪ್, ಎರಡರ ಸಮಯ ಕೂಡಿಸಿ. ಅದರಿಂದ ಎರಡು ಮಾಮೂಲಿ ಲ್ಯಾಪ್‌ನ ಸಮಯ ಕಳೆಯಿರಿ. ಉಳಿದದ್ದೇ ಒಂದು ನಿಲುಗಡೆಯ ಬೆಲೆ. ಮಾಮೂಲಿ ಲ್ಯಾಪ್ 2 ನಿಮಿಷ 6 ಸೆಕೆಂಡ್, ಬಂದುಹೋದ ಎರಡು ಲ್ಯಾಪ್ ಸೇರಿ 5 ನಿಮಿಷ 22 ಸೆಕೆಂಡ್ ಎಂದಿಟ್ಟುಕೊಳ್ಳಿ. ಬೆಲೆ 70 ಸೆಕೆಂಡ್. ಹಾಳೆಯ ತಲೆಗೆ ದೊಡ್ಡದಾಗಿ ಬರೆದುಕೊಳ್ಳಿ. ಟೈರ್ ಬದಲಿಸಿದರೆ ನಿಲುಗಡೆ ಉದ್ದವಾಗುತ್ತದೆ, ಆದ್ದರಿಂದ ಟೈರ್ ಸಮೇತ ಮತ್ತು ಬರೀ ಇಂಧನ ಎಂದು ಎರಡು ಬೆಲೆ ಇಟ್ಟುಕೊಂಡರೆ ಇನ್ನೂ ವಾಸಿ.

ಈಗ ಪಟ್ಟಿಯ ಸುಳ್ಳು ಬಯಲಾಗುತ್ತದೆ. ಮುಂದಿರುವ ಕಾರು 48 ಸೆಕೆಂಡ್ ಮುಂದಿದೆ, ಆದರೆ ಮೂರು ಸಲ ನಿಂತಿದೆ. ಹಿಂದಿನದು ನಾಲ್ಕು ಸಲ ನಿಂತು ಮುಗಿಸಿದೆ. ಮುಂದಿನದು ಇನ್ನೂ 70 ಸೆಕೆಂಡ್ ಸಾಲ ತೀರಿಸಬೇಕು. ಅಂದರೆ ನಿಜವಾದ ಮುಂದಾಳು ಹಿಂದಿನದೇ, ಅದೂ 22 ಸೆಕೆಂಡ್‌ನಿಂದ. ಈ ಒಂದು ಲೆಕ್ಕ ಬಂದರೆ ಸಾಕು, ಈ ಲೇಖನದ ಉಳಿದದ್ದು ಮರೆತರೂ ನಡೆಯುತ್ತದೆ.

5. ಮಧ್ಯದ ಗಂಟೆಗಳು: ಜಿಟಿ3 ಕಡೆ ತಿರುಗಿ

ಎರಡು, ಮೂರನೇ ಗಂಟೆಯಲ್ಲಿ ಹೈಪರ್‌ಕಾರ್‌ಗಳು ರೈಲಿನಂತೆ ಸಾಲಾಗಿ ಓಡುತ್ತವೆ. ಆಗ ಜಿಟಿ3 ನೋಡಿ. ಇಲ್ಲಿ ಚಾಲಕರಿಗೆ ಶ್ರೇಣಿ ಇದೆ, ಮತ್ತು ಪ್ರತಿ ಕಾರಿನಲ್ಲೂ ಎಲ್ಲಕ್ಕಿಂತ ಕೆಳಗಿನದಾದ ಬ್ರಾಂಜ್ ಶ್ರೇಣಿಯವರು ಒಬ್ಬರು ಇರಲೇಬೇಕು. ಹೊಟ್ಟೆಪಾಡಿಗೆ ಬೇರೆ ವೃತ್ತಿ ಇದ್ದು ರೇಸಿಂಗ್ ಹುಚ್ಚಿಗೆ ಬಂದವರು ಇವರಲ್ಲಿ ಬಹಳ. ಅವರು ಇಂತಿಷ್ಟು ಹೊತ್ತು ಓಡಿಸಲೇಬೇಕೆಂಬ ನಿಯಮವಿದೆ. ಹೆಚ್ಚಿನ ತಂಡಗಳು ಬ್ರಾಂಜ್ ಚಾಲಕರನ್ನು ಮೊದಲಿಗೇ ಕೂರಿಸಿ ಆ ಋಣ ತೀರಿಸಿಕೊಳ್ಳುತ್ತವೆ. ಯಾರಾದರೂ ಉಲ್ಟಾ ಮಾಡಿದರೆ ಎರಡು ಗಂಟೆ ಅವರೇ ರಾಜರಂತೆ ಕಾಣುತ್ತಾರೆ. ಬ್ರಾಂಜ್ ಚಾಲಕ ಏರಿದ ಮೇಲೆ ಲ್ಯಾಪ್‌ಗೆ ಎರಡು ಮೂರು ಸೆಕೆಂಡ್ ಸೋರಿಹೋಗಬಹುದು.

ಹಾಗಾಗಿ ಜಿಟಿ3 ಸಾಲಿನಲ್ಲಿ ಪಿಟ್ ಎಣಿಕೆಯ ಪಕ್ಕ ಒಂದು ಗುರುತು ಬೇಕು: ಬ್ರಾಂಜ್ ಮುಗಿಯಿತೇ ಇಲ್ಲವೇ. ಎಲ್ಲರದೂ ಮುಗಿಯುವವರೆಗೆ ಆ ವರ್ಗದಲ್ಲಿ ಯಾರು ಮುಂದೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಬ್ರಾಂಜ್ ಎಂದರೆ ನಿಧಾನ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಲ್ಜಿಯಂನವರೇ ಆದ ಸಾರಾ ಬೋವಿ ಬ್ರಾಂಜ್ ಶ್ರೇಣಿಯಲ್ಲಿದ್ದುಕೊಂಡೇ ಈ ಚಾಂಪಿಯನ್‌ಶಿಪ್‌ನಲ್ಲಿ ಪೋಲ್ ಸ್ಥಾನಗಳನ್ನು, ಅಂದರೆ ತಮ್ಮ ವರ್ಗದಲ್ಲಿ ಎಲ್ಲರಿಗಿಂತ ಮುಂದಿನಿಂದ ಹೊರಡುವ ಜಾಗವನ್ನು, ಗಳಿಸಿದವರು. ಮೋಟರ್‌ಸೈಕಲ್ ದಂತಕಥೆ ವ್ಯಾಲೆಂಟಿನೊ ರೊಸ್ಸಿ 2024 ಮತ್ತು 2025ರಲ್ಲಿ ಓಡಿಸಿದ್ದೂ ಇದೇ ವರ್ಗದಲ್ಲಿ, ಬಿಎಂಡಬ್ಲ್ಯು ಎಂ4 ಕಾರಿನಲ್ಲಿ.

6. ಹಳದಿ ಬಾವುಟ ಎದ್ದರೆ ಊಟ ಬಿಟ್ಟು ಓಡಿ ಬನ್ನಿ

ಬಹಳ ಜನ ಅಪಾಯದ ಸೂಚನೆಯಾದ ಹಳದಿ ಬಾವುಟ ಕಂಡಾಗ ಎದ್ದು ಹೋಗುತ್ತಾರೆ, ಏನೂ ನಡೆಯುತ್ತಿಲ್ಲ ಎಂದುಕೊಂಡು. ರೇಸ್ ತಿರುಗುವುದೇ ಆಗ.

ಮೂರು ಬಗೆಯ ತಡೆಗಳ ವ್ಯತ್ಯಾಸ ಗೊತ್ತಿರಲಿ. ಫುಲ್ ಕೋರ್ಸ್ ಯೆಲ್ಲೊ ಬಂದರೆ ಎಲ್ಲರೂ ಇದ್ದಲ್ಲಿಯೇ ಗಂಟೆಗೆ 80 ಕಿ.ಮೀ.ಗೆ ಇಳಿಯಬೇಕು. ಕಾರುಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಸೇಫ್ಟಿ ಕಾರ್ ಬಂದರೆ ಎಲ್ಲರೂ ಅದರ ಬೆನ್ನಿಗೆ ಗುಂಪುಗೂಡುತ್ತಾರೆ, ನಲವತ್ತು ಸೆಕೆಂಡ್ ಬೆವರು ಸುರಿಸಿ ಗಳಿಸಿದ ಅಂತರ ಆವಿಯಾಗುತ್ತದೆ. ಕೆಂಪು ಬಾವುಟವೆಂದರೆ ರೇಸೇ ನಿಂತಿತು.

ಮೂರರಲ್ಲಿ ಯಾವುದು ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: ಈಗಷ್ಟೇ ಪಿಟ್ ಮುಗಿಸಿದವರು ಯಾರು, ಇನ್ನೇನು ಪಿಟ್‌ಗೆ ಬರಬೇಕಿದ್ದವರು ಯಾರು?

2024ರ ಸ್ಪಾ ಇದಕ್ಕೆ ಪಾಠದ ಹಾಗಿದೆ. ಎರಡು ಗಂಟೆಗೆ ಸ್ವಲ್ಪ ಕಡಿಮೆ ಉಳಿದಿದ್ದಾಗ ಕೆಮ್ಮೆಲ್ ನೇರದಲ್ಲಿ ಒಂದು ಕ್ಯಾಡಿಲಾಕ್ ಹೈಪರ್‌ಕಾರ್ ಮತ್ತು ಒಂದು ಬಿಎಂಡಬ್ಲ್ಯು ಜಿಟಿ3 ಡಿಕ್ಕಿಯಾದವು. ಚಾಲಕರು ಬಚಾವಾದರು, ತಡೆಗೋಡೆ ಚಿಂದಿಯಾಯಿತು. ಕೆಂಪು ಬಾವುಟ. ಆಗ ಮುಂದಿದ್ದದ್ದು ಫೆರಾರಿ. ಗೋಡೆ ರಿಪೇರಿಗೆ ಬಹಳ ಹೊತ್ತು ಹಿಡಿಯಿತು. ಕಳೆದುಹೋದ ಸಮಯವನ್ನು ಮರಳಿ ಕೊಟ್ಟು, ಮೊದಲು ನಿಗದಿಯಾಗಿದ್ದ ವೇಳೆ ಮೀರಿ ರೇಸ್ ಮುಂದುವರಿಸಿದರು. ಅದರ ಬಗ್ಗೆ ತಕರಾರೂ ಎದ್ದಿತು. ಆದರೆ ಹಾಳೆ ಹಿಡಿದು ಕೂತವರಿಗೆ ಒಂದು ವಿಷಯ ಅಷ್ಟರಲ್ಲೇ ಕಂಡಿತ್ತು. ಜೋಟಾ ತಂಡದ 12ನೇ ನಂಬರಿನ ಪೋರ್ಷೆ ಮತ್ತು ಪೆನ್ಸ್ಕೆ ತಂಡದ 6ನೇ ನಂಬರಿನ ಪೋರ್ಷೆ ಅಪಘಾತಕ್ಕೆ ಸ್ವಲ್ಪ ಮುಂಚೆ ಪಿಟ್ ಮುಗಿಸಿದ್ದವು. ಫೆರಾರಿಗಳು ಮುಗಿಸಿರಲಿಲ್ಲ. ರೇಸ್ ಮತ್ತೆ ಶುರುವಾದ ಮೇಲೆ ಫೆರಾರಿಗಳು ನಿಲ್ಲಬೇಕಾಯಿತು, ಪೋರ್ಷೆಗಳು ಮುಂದೆ ಹೋದವು. ಗೆದ್ದದ್ದು ಜೋಟಾ, ಅದೂ ಇಬ್ಬರೇ ಚಾಲಕರು ಓಡಿಸಿದ ಕಾರು: ವಿಲ್ ಸ್ಟೀವನ್ಸ್ ಮತ್ತು ಕ್ಯಾಲಮ್ ಐಲಟ್. ಕಂಪನಿಯ ಅಧಿಕೃತ ತಂಡವಲ್ಲದ ಖಾಸಗಿ ತಂಡವೊಂದಕ್ಕೆ ಹೈಪರ್‌ಕಾರ್ ವರ್ಗದಲ್ಲಿ ಮೊದಲ ಗೆಲುವು. ಅದೃಷ್ಟ ಎಂದವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಅಷ್ಟು ಹೊತ್ತೂ ಅವರು ಅದೃಷ್ಟ ಬಂದರೆ ಹಿಡಿಯುವಷ್ಟು ಹತ್ತಿರದಲ್ಲಿ ಓಡುತ್ತಿದ್ದರು.

7. ಮಳೆ

ಏಳು ಕಿಲೋಮೀಟರ್‌ನ ಟ್ರ್ಯಾಕ್ ಆದ್ದರಿಂದ ಸ್ಟಾವ್‌ಲೋದಲ್ಲಿ ಮಳೆ, ಲಾ ಸೋರ್ಸ್‌ನಲ್ಲಿ ಬಿಸಿಲು ಇರಬಹುದು. ಆಗ ಸ್ಥಾನ ನೋಡಬೇಡಿ, ಸೆಕ್ಟರ್ ಸಮಯ ನೋಡಿ. ಲ್ಯಾಪ್ ಮೂರು ಸೆಕ್ಟರ್ ಆಗಿ ಹಂಚಿರುತ್ತದೆ. ಮಳೆ ಟೈರ್ ಹಾಕಿದ ಮೊದಲ ಕಾರು ಯಾವುದೇ ಸೆಕ್ಟರ್‌ನಲ್ಲಿ ಉಳಿದವರಿಗಿಂತ ಬೇಗ ಓಡತೊಡಗಿತೆಂದರೆ ಒಂದೆರಡು ಲ್ಯಾಪ್‌ನಲ್ಲಿ ಇಡೀ ಸಾಲು ಪಿಟ್‌ಗೆ ನುಗ್ಗುತ್ತದೆ. ಒಣಗುವಾಗ ಇದರ ತಿರುವುಮುರುವು.

ಇನ್ನೊಂದು ಮಾತು. 2023ರಿಂದ ಟೈರ್‌ಗಳನ್ನು ಮೊದಲೇ ಬಿಸಿ ಮಾಡಿಡುವಂತಿಲ್ಲ. ಹೊಸ ಟೈರ್ ಹಾಕಿಕೊಂಡು ಹೊರಟ ಕಾರು ಮೊದಲ ಲ್ಯಾಪ್‌ನಲ್ಲಿ ಮಂಜಿನ ಮೇಲಿದ್ದಂತೆ ಜಾರುತ್ತದೆ. ಆ ವರ್ಷ ಸ್ಪಾದಲ್ಲಿ ಹಾರ್ಟ್ಲಿ ಒಬ್ಬರೇ ಅಲ್ಲ, ಇನ್ನೂ ಕೆಲವರು ಹೀಗೆಯೇ ಗೋಡೆ ಕಂಡರು. ಅದೇ ವರ್ಷದ ಲೆ ಮಾನ್ಸ್‌ಗೆ ಮಾತ್ರ ಬಿಸಿ ಮಾಡಲು ಅನುಮತಿ ಕೊಡಬೇಕಾಯಿತು. ಪಿಟ್‌ನಿಂದ ಹೊರಬಂದ ಕಾರನ್ನು ಒಂದು ಲ್ಯಾಪ್ ಬಿಡದೆ ನೋಡಿ.

8. ಅಲ್ಲಿಗೇ ಹೋಗುವವರಿಗೆ

ರೇಸ್ ಸಾಮಾನ್ಯವಾಗಿ ಶನಿವಾರ. ಗುರುವಾರ, ಶುಕ್ರವಾರಗಳ ಅಭ್ಯಾಸ ಅವಧಿಯಲ್ಲಿ ಜನ ಕಡಿಮೆ, ಟ್ರ್ಯಾಕ್ ಬದಿ ನಡೆದು ಜಾಗ ಹುಡುಕಲು ಒಳ್ಳೆಯ ಸಮಯ. ಗಟ್ಟಿ ಬೂಟು ಬೇಕು, ಏರು ತಗ್ಗು ಬಹಳ. ರೇನ್‌ಕೋಟ್ ಹವಾಮಾನ ವರದಿ ಏನೇ ಹೇಳಲಿ ಚೀಲದಲ್ಲಿರಲಿ. ಕಿವಿಗೆ ಇಯರ್‌ಪ್ಲಗ್, ಮಕ್ಕಳಿದ್ದರೆ ಕಡ್ಡಾಯ. ಪಿಟ್ ವಾಕ್ ಮತ್ತು ಚಾಲಕರ ಹಸ್ತಾಕ್ಷರದ ಹೊತ್ತು ನಿಮ್ಮ ಟಿಕೆಟ್‌ನಲ್ಲಿ ಸೇರಿದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ. ಕಾಡಿನೊಳಗೆ ಮೊಬೈಲ್ ನೆಟ್‌ವರ್ಕ್ ನಂಬಿ ಟೈಮಿಂಗ್ ನೋಡುತ್ತೇನೆ ಎಂದುಕೊಳ್ಳಬೇಡಿ. ದೊಡ್ಡ ಪರದೆ ಕಾಣುವ ಜಾಗ ಹುಡುಕಿ.

ರೇಡಿಯೋನ್ ಕೆಳಗೆ ಅರ್ಧ ಗಂಟೆ ನಿಂತರೆ ಸಾಕು. ಆ ಏರು ಟಿವಿಯಲ್ಲಿ ಕಾಣುವುದಕ್ಕಿಂತ ಎಷ್ಟು ಕಡಿದು ಎಂದು ಗೊತ್ತಾಗುತ್ತದೆ. ಆಮೇಲೆ ಜಾಗ ಬಿಡಿ, ಅಲ್ಲಿ ಕಾರು ಕಾಣುವುದು ಕ್ಷಣಮಾತ್ರ. ನನ್ನ ಆಯ್ಕೆ ಪೂಓನ್ ಗುಡ್ಡ. ಎರಡೂ ಬಾಗುಗಳ ಉದ್ದಕ್ಕೂ ಕಣ್ಣು ಹಾಯಿಸಬಹುದು, ಹೈಪರ್‌ಕಾರ್ ಜಿಟಿಯನ್ನು ಕಂಡು ಒಳಗೆ ನುಗ್ಗಲೋ ಕಾಯಲೋ ಎಂದು ಅನುಮಾನಿಸುವುದು ಕೂಡ ಕಾಣುತ್ತದೆ. ಕೊನೆಯ ಗಂಟೆಗೆ ಬಸ್ ಸ್ಟಾಪ್ ಬಳಿಗೆ ಬನ್ನಿ, ಯಾರು ಪಿಟ್‌ಗೆ ತಿರುಗುತ್ತಾರೆ ಎಂದು ಅಲ್ಲಿಂದ ಗೊತ್ತಾಗುತ್ತದೆ.

9. ಕೊನೆಯ ಎರಡು ಗಂಟೆ: ಹಿಂದಿನಿಂದ ಮುಂದಕ್ಕೆ ಎಣಿಸಿ

ನಾಲ್ಕು ಗಂಟೆ ಕಳೆದ ಕೂಡಲೇ ಲೆಕ್ಕ ತಲೆಕೆಳಗು ಮಾಡಿ. ಎಷ್ಟು ಸಲ ನಿಂತರು ಎಂಬುದನ್ನು ಬಿಟ್ಟು ಇನ್ನೆಷ್ಟು ಸಲ ನಿಲ್ಲಬೇಕು ಎಂದು ಎಣಿಸಿ. ಸ್ಟಿಂಟ್ 60 ನಿಮಿಷ ಎಂದುಕೊಳ್ಳೋಣ. 2 ಗಂಟೆ 5 ನಿಮಿಷ ಉಳಿದಿದ್ದಾಗ ನಿಂತ ಕಾರು ಮತ್ತೆ 1 ಗಂಟೆ 5 ನಿಮಿಷಕ್ಕೆ ನಿಲ್ಲಬೇಕು, ಕೊನೆಯ 5 ನಿಮಿಷಕ್ಕೆ ಇನ್ನೊಮ್ಮೆ. ಅದಕ್ಕಿಂತ ಏಳು ನಿಮಿಷ ತಡವಾಗಿ, 1 ಗಂಟೆ 58 ನಿಮಿಷ ಉಳಿದಿದ್ದಾಗ ನಿಂತ ಕಾರಿಗೆ ಇನ್ನೊಂದೇ ನಿಲುಗಡೆ ಸಾಕು. ಒಂದು ಇಡೀ ನಿಲುಗಡೆಯ ವ್ಯತ್ಯಾಸ, ಬರೀ ಏಳು ನಿಮಿಷದಲ್ಲಿ. ಮುಂದಿನ ಕಾರಿನ ಚಾಲಕ ಯಾಕೆ ಇದ್ದಕ್ಕಿದ್ದಂತೆ ನಿಧಾನವಾದ ಎಂದು ಆಗ ಅರ್ಥವಾಗುತ್ತದೆ. ಆ ಐದು ನಿಮಿಷದ ಎನರ್ಜಿಯನ್ನು ಅವನು ತೊಟ್ಟು ತೊಟ್ಟಾಗಿ ಉಳಿಸುತ್ತಿದ್ದಾನೆ. ಹಿಂದಿನವನಿಗೂ ಅದು ಗೊತ್ತು, ಅದಕ್ಕೇ ಒತ್ತುತ್ತಿದ್ದಾನೆ.

ಟೈಮಿಂಗ್ ಪುಟದಲ್ಲಿ ರೇಸ್ ಕಂಟ್ರೋಲ್‌ನ (ರೇಸ್ ನಡೆಸುವ ಅಧಿಕಾರಿಗಳ) ಸಂದೇಶಗಳ ಸಾಲನ್ನೂ ಈಗ ತೆರೆದಿಡಿ. ವಿಚಾರಣೆಯಲ್ಲಿದೆ ಎಂದು ಬಂದ ನಂಬರಿನ ಪಕ್ಕ ಹಾಳೆಯಲ್ಲಿ ಪ್ರಶ್ನಾರ್ಥಕ ಹಾಕಿ. ಕೊನೆಯ ಹತ್ತು ನಿಮಿಷದಲ್ಲಿ ಒಂದು ಡ್ರೈವ್-ಥ್ರೂ ದಂಡ (ನಿಲ್ಲದೆ ಪಿಟ್ ದಾರಿಯಲ್ಲಿ ನಿಧಾನವಾಗಿ ಹಾದುಹೋಗುವ ಶಿಕ್ಷೆ) ಬಿದ್ದರೆ ಪಿಟ್ ಎಣಿಕೆಯೆಲ್ಲ ವ್ಯರ್ಥ.

ಆರು ಗಂಟೆಯ ರೇಸ್‌ನಲ್ಲಿ ಗೆದ್ದವರಿಗೆ 25 ಅಂಕ, ಎರಡನೆಯವರಿಗೆ 18, ಮೂರನೆಯವರಿಗೆ 15, ಹೀಗೆ ಹತ್ತನೆಯವರಿಗೆ 1. ಲೆ ಮಾನ್ಸ್‌ನಲ್ಲಿ ಇದರ ಎರಡು ಪಟ್ಟು. 2025ರಲ್ಲಿ ಸ್ಪಾ ಗೆದ್ದದ್ದು 51ನೇ ನಂಬರಿನ ಫೆರಾರಿ, ಎರಡನೆಯದೂ ಫೆರಾರಿಯೇ.

ಚೌಕಳಿ ಬಾವುಟ ಬಿದ್ದ ಮೇಲೆ ಬರುವುದು ತಾತ್ಕಾಲಿಕ ಫಲಿತಾಂಶ. ಕಾರುಗಳನ್ನು ತೂಗಿ, ಅಳೆದು, ಬಾಕಿ ವಿಚಾರಣೆ ಮುಗಿಸಿದ ಬಳಿಕವೇ ಅಂತಿಮ ಪಟ್ಟಿ ಹೊರಬೀಳುವುದು, ಕೆಲವೊಮ್ಮೆ ರಾತ್ರಿಯಾಗುತ್ತದೆ. ಅಲ್ಲಿಯವರೆಗೆ ಹಾಳೆಯ ಕೊನೆಯ ಸಾಲನ್ನು ಪೆನ್ಸಿಲ್‌ನಲ್ಲಿ ಬರೆದಿಡಿ.